ಬಾಳೆಹಣ್ಣಿನ ಬಣ್ಣದ ಹೊದಿಕೆ

ಟಿಕ್, ಟಿಕ್, ಟಿಕ್. ಬ್ರಹ್ಮಪುರದ ಮನೆಯ ಪಡಸಾಲೆಯಲ್ಲಿ ಶಿವಕಾಂತಮ್ಮನವರ ಹೆಣಿಗೆ ಕಡ್ಡಿಗಳು ಬೆಳಗಿನಿಂದ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಕೈ ಪಳಗಲೆಂದು ಅಂಗೈಯಗಲದ ತುಂಡೊಂದನ್ನು ಹೆಣೆದು ಮುಗಿಸಿ ಅವರು ಗಂಡನತ್ತ ನೋಡಿದರು.

“ರೀ, ಮೊಮ್ಮಗಳ ಹೊದಿಕಿಗೆ ಗಿಳಿ ನಮೂನಿ ಹಾಕ್ಲೋ, ನವಿಲು ಹಾಕ್ಲೋ?”

ಜಗದೇವಪ್ಪ ಪೇಪರ್ ಮಡಿಚಿಟ್ಟು ಎದ್ದು ನಿಂತರು. ಅದು ಕೂತು ಹೇಳುವಂಥ ಮಾತಾಗಿರಲಿಲ್ಲ.

“ನಮೂನಿ, ಬಣ್ಣ ಎರಡೂ ನನಗ ಬಿಡು! ಮೂವತ್ನಾಕು ವರ್ಷ ಸರ್ವೇ ಇಲಾಖೆದಾಗ ನಕಾಶಿ ತೆಗದ ಕೈ ಇದು. ಮೂರು ತಾಲೂಕು ಅಳದಾಂವಗ ಮೂರು ಫೂಟಿನ ಹೊದಿಕಿ ಯಾವ ಲೆಕ್ಕ?”

“ಅಳದದ್ದು ಖರೆ. ನೀವು ಅಳದ ಮ್ಯಾಲೆ ಜಗಳ ಆಗದ ಹೊಲ ಒಂದರ ಅದ ಏನ್ರೀ?”

ಬಾಣಂತನಕ್ಕೆ ಬಂದಿದ್ದ ಮಗಳು ಸೃಷ್ಟಿ ಒಳಗಿನಿಂದಲೇ ಕಿಸಕ್ಕನೆ ನಕ್ಕಳು.

ಐದನೇ ತಿಂಗಳಿಗೆ ಕೂಸನ್ನು ಕಮಲಾಪುರದ ತಂದೆಮನೆಗೆ ಕಳಿಸಬೇಕಿತ್ತು. ಸೃಷ್ಟಿ ಇಷ್ಟೇ ಕೂಸಾಗಿದ್ದಾಗ ಜಗದೇವಪ್ಪ ಅಳತೆ ಸರಪಳಿ ಹೊತ್ತು ಊರೂರು ಅಲೆಯುತ್ತಿದ್ದರು. ಮಗಳು ಮಗ್ಗುಲಾಗಿದ್ದು, ಅಂಬೆಗಾಲಿಟ್ಟಿದ್ದು, ಮೊದಲ ಹಲ್ಲು ಬಂದದ್ದು ಎಲ್ಲವೂ ಅವರಿಗೆ ಹೆಂಡತಿ ಹೇಳಿಯೇ ಗೊತ್ತು. ಈ ಕೂಸಿನ ಒಂದಾದರೂ ಕೆಲಸದಲ್ಲಿ ತಮ್ಮ ಕೈ ಇರಬೇಕೆಂದು ಅವರಿಗೆ ಬಲು ಆಸೆ. ಅದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಇಲಾಖೆಯ ಗತ್ತಿನಲ್ಲಿ ಮುಚ್ಚಿಟ್ಟಿದ್ದರು.

ಗ್ರಾಫ್ ಹಾಳೆ ಬಂತು, ಸ್ಕೇಲು ಬಂತು, ಚೂಪಾದ ಪೆನ್ಸಿಲ್ ಬಂತು. ಗಿಳಿ, ನವಿಲುಗಳ ಅರ್ಜಿ ವಜಾ ಆಯಿತು. “ಹಕ್ಕಿ ಇಳದ್ರ ಬೆಳಿ ಹಾಳು! ಸಪಾಟ ಒಂದೇ ಬಣ್ಣ ಇರಲಿ” ಎಂಬ ಆದೇಶ ಹೊರಬಿತ್ತು. ಬಣ್ಣ ಯಾವುದಿರಲೆಂದು ಮರ್ಯಾದೆಗಾಗಿ ಬೀಗಿತ್ತಿ ಮಹಾನಂದಾ ಅವರಿಗೂ ಕಮಲಾಪುರಕ್ಕೆ ಫೋನು ಹೋಯಿತು.

“ನಮ್ಮ ಕೂಸಿಗೆ ಬಾಳಿಹಣ್ಣಿನ ಬಣ್ಣ ಛಂದ ಒಪ್ತದರೀ ಬೀಗರ” ಎಂದರು ಆಕೆ.

ಜಗದೇವಪ್ಪ ಜೇಬಿನಲ್ಲಿ ಬಾಳೆಹಣ್ಣೊಂದನ್ನು ಇಟ್ಟುಕೊಂಡು ರೋಜಾ ಓಣಿಯ ಬುರ್ಹಾನುದ್ದೀನ್ ಅವರ ಉಲ್ಲನ್ ಅಂಗಡಿಗೆ ಹೋದರು. ಹಳದಿಯಲ್ಲೇ ಎಂಟು ಛಾಯೆ! ಒಂದೊಂದು ಉಂಡೆಯ ಪಕ್ಕಕ್ಕೂ ಹಣ್ಣು ಹಿಡಿದು, ಕಣ್ಣು ಕಿರಿದು ಮಾಡಿ, ಬಾಗಿಲಿನ ಬೆಳಕಿಗೆ ಒಯ್ದು ತಂದರು.

“ಲಗೂನ ಆರಸ್ರಿ ಸಾಬ್” ಎಂದರು ಬುರ್ಹಾನುದ್ದೀನ್. “ಇನ್ನೊಂದು ತಾಸು ಹಿಂಗ ಹಿಡಕೊಂಡು ನಿಂತ್ರ ಹಣ್ಣಿಗೆ ಚುಕ್ಕಿ ಬೀಳ್ತಾವ. ಆಮ್ಯಾಲೆ ಚುಕ್ಕಿದು ಕೊಡ್ರಿ ಅಂತೀರಿ!”

ಹೊದಿಕೆ ಸರಿಯಾಗಿ ಅರ್ಧ ಮುಗಿದ ದಿನ ಬೀಗಿತ್ತಿಯ ವಿಡಿಯೋ ಕಾಲ್ ಬಂತು.

“ಬೀಗರ, ಅರಿಶಿಣದಾಗ ಅದ್ದಿದಂಗದಲ್ಲ, ಅದೇನ್ರೀ?”

“ನೀವೇ ಹೇಳಿದ್ರೆಲ್ಲ, ಬಾಳಿಹಣ್ಣಿನ ಬಣ್ಣ!”

“ಅಯ್ಯ ಶಿವನೇ! ಅದು ಯಾಲಕ್ಕಿ ಬಾಳಿ. ಕಮಲಾಪುರದಾಗ ಬಾಳಿಹಣ್ಣು ಅಂದ್ರ ಕೆಂಪು! ನಮ್ಮೂರ ಹೊಲ ಅಳೀವಾಗ ನೀವು ಬರೇ ಕಲ್ಲು ನೋಡೀರೇನು, ಗಿಡ ನೋಡಿಲ್ಲೇನು?”

ಕೂಸು ಹೊರಡಲು ಇನ್ನು ಆರೇ ದಿನ. ಶಿವಕಾಂತಮ್ಮ ಕಡ್ಡಿಗಳನ್ನು ನೆಲಕ್ಕಿಟ್ಟರು. “ಹೆಣದದ್ದು ಒಂದು ಸಾಲೂ ನಾ ಉಚ್ಚಂಗಿಲ್ಲ, ಬಿಚ್ಚಂಗಿಲ್ಲ. ಈಗ ಹೇಳೀನಿ!”

“ಯಾರು ಉಚ್ಚು ಅಂದ್ರು?” ಜಗದೇವಪ್ಪ ಮತ್ತೆ ಎದ್ದು ನಿಂತರು. “ಮ್ಯಾಲಿನರ್ಧ ನಮ್ಮ ಬಾಳಿ, ಕೆಳಗಿನರ್ಧ ಅವರ ಬಾಳಿ. ಎರಡು ಮನೆತನದ ಗಡಿ ಕೂಡಿದಂಗ!”

ಆ ಆರು ದಿನ ಅವರು ಕೆಂಪು ಉಂಡೆ ಹಿಡಿದು ಹೆಂಡತಿಯ ಪಕ್ಕದಿಂದ ಏಳಲಿಲ್ಲ. ಒಂದೊಂದು ಸಾಲನ್ನೂ ಎಣಿಸಿ ಟಿಕ್ ಹಾಕಿದರು. ಗಡಿ ಕೂದಲೆಳೆಯಷ್ಟೂ ಸೊಟ್ಟಗಾಗಲಿಲ್ಲ.

ಕಮಲಾಪುರದ ಮನೆಯಲ್ಲಿ ಆರತಿ ಆಯಿತು. ಜಗದೇವಪ್ಪ ಎಲ್ಲರೆದುರು ಹೊದಿಕೆಯ ಎರಡು ಮೂಲೆ ಹಿಡಿದು, ಎತ್ತರಕ್ಕೆ ಬಿಚ್ಚಿ ತೋರಿಸಿದರು. ಕುರ್ಚಿಯಲ್ಲಿದ್ದ ಬೀಗ ದೌಲಪ್ಪ ಸರಕ್ಕನೆ ಎದ್ದು, ಎರಡೂ ಕೈ ಪಕ್ಕಕ್ಕಿಟ್ಟು ನೆಟ್ಟಗೆ ನಿಂತರು.

“ಯಾಕ್ರೀ ಬೀಗರ, ಎದ್ದ್ರಿ?”

“ಕೂತ್ರ ಸರಿ ಕಾಣಂಗಿಲ್ಲರೀ. ರಾಜ್ಯೋತ್ಸವದಾಗ ಹಿಂಗ ನಿಂತೇ ರೂಢಿ.”

ಜಗದೇವಪ್ಪ ತಿರುಗಿಸಿ ನೋಡಿಕೊಂಡರು. ಮೇಲೆ ಹಳದಿ, ಕೆಳಗೆ ಕೆಂಪು. ಕರಾರುವಾಕ್ಕಾಗಿ ಅರ್ಧರ್ಧ!

“ಅಪ್ಪಾ, ಒಂದು ಕೋಲು ಮರತು ಬಂದೀರಿ ನೋಡ್ರಿ” ಎಂದಳು ಸೃಷ್ಟಿ.

“ಏ, ಇದು ಧ್ವಜ ಅಲ್ಲ, ಹಣ್ಣು!” ಎಂದು ಜಗದೇವಪ್ಪ ಕೂಗಿದರು. ನಗೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಶಿವಕಾಂತಮ್ಮ ಕೂಸನ್ನು ಆ ಹೊದಿಕೆಯ ಮೇಲೆಯೇ ಮಲಗಿಸಿದರು. ಮಹಾನಂದಾ ಜಗದೇವಪ್ಪನವರ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು:

“ಎಲ್ಲಾ ಛಂದ ಅದರೀ. ಆದ್ರ ಇದರ ಮ್ಯಾಲೆ ಉಚ್ಚಿ ಹೊಯ್ದ್ರ ಹ್ಯಾಂಗ?”

ಜಗದೇವಪ್ಪನವರ ಕಿವಿಗೆ ಅದು ‘ಉಚ್ಚಿ ಹೋದ್ರ’ ಎಂದು ಬಿತ್ತು. ಹೆಣಿಗೆ ಬಿಚ್ಚಿಕೊಳ್ಳುವುದೇ? ತಾವು ಎಣಿಸಿದ ಸಾಲೇ?

“ಉಚ್ಚಿ ಹೋಗೂದ? ಮಾತೇ ಇಲ್ಲ! ಹತ್ತು ವರ್ಷ ಆದ್ರೂ ಆಗಂಗಿಲ್ಲ. ನಾನೇ ಗ್ಯಾರಂಟಿ, ಬೇಕಾದ್ರ ಬರಕೊಡ್ತೀನಿ!”

“ಕೂಸಿನ ಗ್ಯಾರಂಟಿ ನೀವ್ಯಾಂಗ ಕೊಡ್ತೀರ್ರೀ ಬೀಗರ?”

ಉತ್ತರವನ್ನು ಕೂಸೇ ಕೊಟ್ಟಿತು. ಒದ್ದೆ ಹಳದಿಯಲ್ಲಿ ಹುಟ್ಟಿ, ಗಡಿ ದಾಟಿ, ಕೆಂಪಿನೊಳಗೆ ನಿಧಾನವಾಗಿ ಹಬ್ಬಿತು.

ಸೃಷ್ಟಿ ಕೂಸನ್ನು ಎತ್ತಿಕೊಂಡಳು. ಮಹಾನಂದಾ ಹೊದಿಕೆಯತ್ತ ಕೈ ಚಾಚುವ ಮೊದಲೇ ಜಗದೇವಪ್ಪ ಅದನ್ನು ಎತ್ತಿ ಎದೆಗೊತ್ತಿಕೊಂಡರು. ಹೊಸ ಅಂಗಿ ತೊಯ್ಯಿತು. ತಮ್ಮ ಜನ್ಮದಲ್ಲಿ ಒಂದು ಕೂಸಿನ ಬಟ್ಟೆಯನ್ನೂ ಒಗೆದವರಲ್ಲ ಅವರು.

“ಬೀಗರ, ಈಗರ ಕೂಡ್ಲೇನ್ರೀ?” ಇನ್ನೂ ನಿಂತೇ ಇದ್ದ ದೌಲಪ್ಪ ಕೇಳಿದರು. “ಯಾರರ ಒಂದು ಮಾತು ಹೇಳ್ರೆಲ, ಮೊಣಕಾಲು ಹಿಡದಾವ...”

ಜಗದೇವಪ್ಪ ಹಿತ್ತಲ ಒಗೆಯುವ ಕಲ್ಲಿನ ಕಡೆಗೆ ಆಗಲೇ ಹೊರಟಿದ್ದರು.