ನಮ್ಮ ಗಲ್ಲಿಯ ನಲ್ಲಿಗೆ ಬಂದ ಓಕೆಗಳು

ಕಾಶಿಯಲ್ಲಿ ಜನ ದಿನಕ್ಕೆ ಎಷ್ಟು ಸಲ ದೇವರ ಹೆಸರು ಹೇಳುತ್ತಾರೋ ಗೊತ್ತಿಲ್ಲ, ಓಕೆ ಅನ್ನುವುದಂತೂ ಅದಕ್ಕಿಂತ ಹೆಚ್ಚು. ಹನುಮಾನ್ ಘಾಟಿನ ನಮ್ಮ ಗಲ್ಲಿಯಲ್ಲಿ ಯಾವ ಅನ್ಯಾಯ ನಡೆದರೂ ಕೊನೆಗೆ ಈ ಎರಡಕ್ಷರ ಬಂದು ಅದರ ಮೇಲೆ ಕೂತುಬಿಡುತ್ತದೆ. ವಾರಕ್ಕೊಮ್ಮೆಯಾದರೂ ನಾನು ಇದಕ್ಕೆ ಸಿಕ್ಕಿಬೀಳುತ್ತೇನೆ.

ನಾನು ಯಾತ್ರಿಕರ ಛತ್ರದಲ್ಲಿ ಅಡುಗೆಯವನು. ಓದಿದ್ದು ನಾಲ್ಕನೇ ಕ್ಲಾಸು. ಹಿಂದಿ ಕಲಿತದ್ದು ಅಂಗಡಿ ಬೋರ್ಡು ನೋಡಿ, ಕಾನೂನು ಕಲಿತದ್ದು ಪಕೋಡ ಕಟ್ಟಿಕೊಟ್ಟ ಪೇಪರು ಓದಿ. ಅಷ್ಟು ಸಾಕು ಜಗಳಕ್ಕೆ.

ಈ ಸಲದ ಜಗಳ ನಲ್ಲಿಯದು. ದೀಪಾವಳಿ ಕಳೆದ ಮೇಲೆ ಅದರಲ್ಲಿ ಚರಂಡಿ ನೀರು ಬರತೊಡಗಿತು. ಗಲ್ಲಿಯವರೆಲ್ಲ ಕ್ಯಾನ್ ನೀರು ತರಿಸಿಕೊಂಡರು. ಆದರೆ ಛತ್ರದ ಹಿಂದಿನ ಕೋಣೆಯಲ್ಲಿ ತುಮಕೂರು ಕಡೆಯ ಒಬ್ಬ ಅಜ್ಜಿ ಇದ್ದಾರೆ. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದವರು. ಬಲು ಮಡಿ. ಇನ್ನೊಬ್ಬರು ಮುಟ್ಟಿದ ನೀರು ಬಾಯಿಗೆ ಹಾಕುವುದಿಲ್ಲ. ನಲ್ಲಿ ಕೆಟ್ಟ ದಿನದಿಂದ ತಾಮ್ರದ ಕೊಡ ಹಿಡಿದು ಘಾಟಿನ ಮೆಟ್ಟಿಲಿಳಿದು, ಗಂಗೆಯ ನೀರು ಹೊತ್ತು ಹತ್ತುತ್ತಿದ್ದರು. ಎರಡೂ ಮಂಡಿ ಊದಿ ಕುಂಬಳಕಾಯಿ.

"ಇತ್ತ ಕೊಡಿ ಅಜ್ಜಿ, ನಾನು ತರ್ತೀನಿ" ಅಂದರೆ, "ಈರುಳ್ಳಿ ಹೆಚ್ಚೋ ಕೈ ಅದು. ಮುಟ್ಟಬೇಡ ಮಗಾ" ಅನ್ನುತ್ತಿದ್ದರು.

ಅವರು ಮೆಟ್ಟಿಲಿಂದ ಉರುಳುವ ಮೊದಲು ನಲ್ಲಿ ಸರಿಯಾಗಬೇಕು. ನನ್ನ ಹಟ ಇಷ್ಟೇ.

ಗುಮಾಸ್ತನ ಓಕೆ

ನಾಲ್ಕು ಪುಟ ಅರ್ಜಿ ಬರೆದೆ. ಮುದುಕಿಯ ಹೆಸರು ಕಂಡರೆ ಕರುಣೆ ಬಂದೀತೆಂದು ಅಜ್ಜಿಯ ಹೆಸರು, ಅಜ್ಜಿಯದೇ ಫೋನ್ ನಂಬರು ಹಾಕಿದೆ. ನೀರಿನ ಕಚೇರಿಯ ಗುಮಾಸ್ತನ ಎದುರು ನಿಂತು ಪೂರ್ತಿ ಓದಿದೆ. ಅವನು ಪಾನ್ ಅಗಿಯುವುದು ನಿಲ್ಲಿಸಿ, "ಓಕೆ" ಅಂದ.

ನಾನು ಕುಣಿಯುತ್ತ ಬಂದು ಇಡೀ ಗಲ್ಲಿಗೆ ಜಿಲೇಬಿ ಹಂಚಿದೆ. ಹದಿನೈದು ದಿನ ಕಾದು ಮತ್ತೆ ಹೋದೆ.

"ಅವತ್ತು ಓಕೆ ಅಂದ್ರಲ್ಲ ಸಾಹೇಬರೇ?"

"ಅಂದೆ. ನೀವು ಓದಿ ಮುಗಿಸಿದ್ರಲ್ಲ, ಅದಕ್ಕೆ."

"ಮತ್ತೆ ನೀರು?"

"ಗಂಗಾ ಮೈಯಾ ಪಕ್ಕದಲ್ಲೇ ಇದ್ದಾಳಲ್ಲ ಭೈಯಾ! ಮಾತಾಜಿ ಹೇಗಿದ್ರೂ ಸಾಯೋಕೆ ಬಂದವರು, ಅವಸರ ಏನು?"

ಟೋಟೋದವನ ಓಕೆ

ದೊಡ್ಡ ಸಾಹೇಬರು ಕೂರುವುದು ಊರಿನ ಇನ್ನೊಂದು ತುದಿಯ ಕಚೇರಿಯಲ್ಲಿ. ಅಜ್ಜಿಯನ್ನೂ ಒಂದು ಬಾಟಲಿ ಚರಂಡಿ ನೀರನ್ನೂ ಟೋಟೋ ಹತ್ತಿಸಿದೆ. ಕಾಶಿಯಲ್ಲಿ ಬ್ಯಾಟರಿ ರಿಕ್ಷಾಕ್ಕೆ ಟೋಟೋ ಅನ್ನುತ್ತಾರೆ. ಎಲ್ಲಿಗೆ, ಯಾರ ಹತ್ತಿರ, ಯಾಕೆ ಎಲ್ಲ ಹೇಳಿದೆ. ಡ್ರೈವರ್ ಪ್ರತಿಯೊಂದಕ್ಕೂ ಓಕೆ ಅಂದ. ಸ್ವಲ್ಪ ಹೊತ್ತಿಗೆ ನೋಡಿದರೆ ಗಾಡಿ ಸೇತುವೆಯ ಮೇಲಿದೆ, ಕೆಳಗೆ ಗಂಗೆ.

"ಎಲ್ಲಿಗಯ್ಯಾ?"

"ನದಿಯಾಚೆ ರಾಮನಗರದ ಕೋಟೆಗೆ. ಮದ್ರಾಸಿಗಳೆಲ್ಲ ಅಲ್ಲಿಗೇ ಹೋಗೋದು."

"ನಾನು ಹೇಳಿದ್ದಕ್ಕೆ ಓಕೆ ಅಂದ್ಯಲ್ಲ!"

"ಮೊದಲು ಓಕೆ ಅನ್ನು, ಕೂತ ಮೇಲೆ ವಿಚಾರಿಸು ಅಂತ ನಮ್ಮ ಉಸ್ತಾದ್ ಹೇಳಿಕೊಟ್ಟಿದ್ದಾರೆ."

ಕೋಟೆಯ ಮುಂದೆ ಇಳಿಸಿ, "ಮಾತಾಜಿ, ಚೆನ್ನಾಗಿದೆಯಾ?" ಅಂತ ಬೇರೆ ಕೇಳಿದ. ಅಜ್ಜಿಗೆ ಹಿಂದಿಯವರ ಮುಂದೆ ಆಡಲು ಬರುವುದು ಒಂದೇ ಮಾತು. ಬಾಟಲಿಯನ್ನು ಸೆರಗಿನಡಿ ಹಿಡಿದುಕೊಂಡು, ನಗುತ್ತ, "ಓಕೆ" ಅಂದರು. ನಾವು ಕಚೇರಿ ಮುಟ್ಟುವಷ್ಟರಲ್ಲಿ ಬಾಗಿಲು ಹಾಕಿತ್ತು.

ಗೋಡೆಯ ಓಕೆ

ಕೊನೆಗೆ ನೀರಿನ ಕಚೇರಿಯಿಂದ ಒಬ್ಬ ಬಂದ. ಕೈಯಲ್ಲಿ ನೀಲಿ ಬಣ್ಣದ ಡಬ್ಬಿ, ಕುಂಚ. ನಲ್ಲಿ ತಿರುಗಿಸಿದ, ಮೂಗು ಮುಚ್ಚಿಕೊಂಡ, ಗೋಡೆಯ ಮೇಲೆ ಮೊಳದುದ್ದ ಓಕೆ ಬರೆದ.

"ಮೂಗು ಮುಚ್ಚಿಕೊಂಡು ಓಕೆ ಬರೀತೀಯಲ್ಲೋ!"

"ನಲ್ಲಿ ಇಲ್ಲಿ ಇದೆಯಾ ಅಂತ ನೋಡೋಕೆ ಕಳಿಸಿದ್ರು. ಇದೆ. ಓಕೆ. ನೀರು ನೋಡೋರು ಬೇರೆ."

ಮರುದಿನ ನಮ್ಮ ಕಡೆಯ ಯಾತ್ರಿಕರ ಗುಂಪೊಂದು ಗಲ್ಲಿಯಲ್ಲಿ ಹಾದುಹೋಯಿತು. ಕಾಶಿಯಲ್ಲಿ ಗೋಡೆಯ ಮೇಲೆ ಏನಿದ್ದರೂ ದೇವರೇ ಇರಬೇಕೆಂದು ಅವರ ನಂಬಿಕೆ. ಸಂಜೆ ನೋಡಿದರೆ ಓಕೆಗೆ ಕುಂಕುಮ, ಒಂದು ಚೆಂಡುಹೂವಿನ ಮಾಲೆ. ಕೆಳಗೆ ನಲ್ಲಿ ನಾರುತ್ತಲೇ ಇತ್ತು.

ನಮ್ಮವರ ಓಕೆ

ನಲ್ಲಿಯ ಮುಂದೆ ಧರಣಿ ಕೂರೋಣ ಅಂದೆ. ಗಲ್ಲಿಯಲ್ಲಿರುವ ನಮ್ಮ ಕಡೆಯ ಪುರೋಹಿತರ ಮನೆಮನೆಗೂ ಹೋದೆ. ಎಲ್ಲರೂ, "ಓಕೆ, ಬಂದೇ ಬರ್ತೀವಿ" ಅಂದರು. ಬಂದವರು ಅಜ್ಜಿ ಒಬ್ಬರೇ, ಜಪಮಾಲೆ ಹಿಡಿದು. ಕಾನ್‌ಸ್ಟೇಬಲ್ ಬಂದು ಎಷ್ಟು ಜನ ಅಂದ. ಇಬ್ಬರು ಅಂದೆ. "ಇಬ್ಬರು ಕೂತರೆ ಧರಣಿ ಅಲ್ಲ, ಸುಸ್ತು. ಕೂತ್ಕೊಳ್ಳಿ" ಅಂದು ಹೋದ.

ಅಷ್ಟರಲ್ಲಿ ನನಗೆ ಓಕೆ ಅಂದಿದ್ದ ಪುರೋಹಿತರೊಬ್ಬರು ಯಾತ್ರಿಕರನ್ನು ಕರೆದುಕೊಂಡು ಅದೇ ದಾರಿಯಲ್ಲಿ ಬಂದರು. ನಮ್ಮನ್ನು ಕಂಡು ತಲೆ ತಗ್ಗಿಸಿ ನಡೆದರು. ಹಿಂದೆ ಬಂದ ಹೆಂಗಸೊಬ್ಬಳು ಅಯ್ಯೋ ಪಾಪ ಅಂದು ಇಬ್ಬರ ಮಡಿಲಿಗೂ ಒಂದೊಂದು ಬಾಳೆಹಣ್ಣು ಹಾಕಿದಳು.

ಹೋರಾಟ ಶುರುವಾದಾಗಿನಿಂದ ಕೈಗೆ ಸಿಕ್ಕಿದ್ದು ಅದೊಂದೇ. ತಿಂದೆವು.

ಅಜ್ಜಿಯ ಓಕೆ

ನಾನು ಬಿಡಲಿಲ್ಲ. ದಿನಾ ಅಡುಗೆ ಮುಗಿಸಿ ಕಚೇರಿಯ ಮೆಟ್ಟಿಲ ಮೇಲೆ ಕೂತೆ. ನನ್ನ ಕಾಟ ತಾಳಲಾರದೆ ಗುಮಾಸ್ತನೇ ಒಂದು ದಿನ, "ಪೈಪ್ ಅಗೆಯೋ ಆರ್ಡರ್ ಆಗಿದೆ ಮಹಾರಾಜ್, ಸೋಮವಾರ ಬರ್ತಾರೆ" ಅಂದ. ಈ ಸಲ ನಾನು ಜಿಲೇಬಿ ಹಂಚಲಿಲ್ಲ. ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ಓಡಿದೆ.

"ನಿಮ್ಮ ದೂರು ಮುಗೀತಲ್ಲ" ಅಂದ ಗುಮಾಸ್ತ. "ಅಗೆಯೋ ಮೊದಲು ದೂರು ಕೊಟ್ಟವರಿಗೆ ಫೋನ್ ಮಾಡಿ ವಿಚಾರಿಸ್ತಾರೆ. ಕೇಳಿ ಬೇಕಾದ್ರೆ."

ಆ ಫೋನಿನ ರೆಕಾರ್ಡಿಂಗನ್ನು ಕಂಪ್ಯೂಟರಿನಲ್ಲಿ ಹಾಕಿದ. ಹಿಂದಿಯಲ್ಲಿ ಒಬ್ಬ ಹುಡುಗಿಯ ದನಿ.

"ಮಾತಾಜಿ, ನಿಮ್ಮ ನಲ್ಲಿ ಸರಿಯಾಯಿತೇ?"

"ಓಕೆ."

"ನೀರು ಸ್ವಚ್ಛವಾಗಿ ಬರುತ್ತಿದೆಯೇ?"

"ಓಕೆ, ಓಕೆ."

"ನಮ್ಮ ಸೇವೆಯಿಂದ ನಿಮಗೆ ಸಂತೋಷವಾಗಿದೆಯೇ?"

"ಓಕೆ, ಓಕೆ, ಓಕೆ."

ಮೂರು ತಿಂಗಳ ಹೋರಾಟ ಅರ್ಧ ನಿಮಿಷದಲ್ಲಿ ಗಂಗೆಯ ಪಾಲು. ಓಡುತ್ತ ಬಂದೆ. ಅಜ್ಜಿ ಆಗಷ್ಟೇ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ನಡುದಾರಿಯಲ್ಲೇ ನಿಂತು ಕೂಗಾಡಿದೆ.

"ಯಾಕಜ್ಜಿ ಓಕೆ ಅಂದ್ರಿ? ಯಾರು ಹೇಳಿಕೊಟ್ರು ನಿಮಗೆ?"

"ಯಾರೇನು? ನೀನೇ! ನಾನು ಬಂದ ಹೊಸದರಲ್ಲಿ ಹೇಳಿದ್ಯಲ್ಲ, ಹಿಂದಿಯವರು ಏನು ಕೇಳಿದರೂ ಓಕೆ ಅನ್ನಿ, ಸುಮ್ಮನೆ ಬಿಟ್ಟುಹೋಗ್ತಾರೆ ಅಂತ." ಏದುಸಿರು ಬಿಟ್ಟು ನನ್ನ ಮುಖ ನೋಡಿದರು. "ಬಿಟ್ಟುಹೋದರಲ್ಲ ಮತ್ತೆ?"

ಅಜ್ಜಿ ಒಂದು ಮೆಟ್ಟಿಲು ಹತ್ತಿದರು, ಇನ್ನೊಂದು ಆಗಲಿಲ್ಲ. ಅಲ್ಲೇ ಕೂತರು. ಕೊಡವನ್ನು ಮೆಲ್ಲಗೆ ನನ್ನತ್ತ ತಳ್ಳಿದರು.

"ಹಿಡ್ಕೋ."

"ಈರುಳ್ಳಿ ಕೈ ಅಜ್ಜಿ ಇದು."

"ಮಡಿ ಹೋದ್ರೆ ಹೋಯ್ತು, ಮಂಡಿ ಹೋಗ್ತಿದೆಯಲ್ಲೋ. ನಾಳೆಯಿಂದ ದಿನಾ ನೀನೇ ತಂದುಕೊಡ್ತೀಯಾ?"

ಕೊಡ ಹೆಗಲಿಗೇರಿಸಿ, "ಓಕೆ" ಅಂದೆ.

ಅಜ್ಜಿ ಗಾಬರಿಯಾಗಿ ಕೊಡದ ಕಂಠವನ್ನೇ ಹಿಡಿದುಕೊಂಡರು.

"ಬೇಡಪ್ಪಾ, ನಿನ್ನ ದಮ್ಮಯ್ಯ. ಹೂಂ ಅನ್ನು!"