ಹಾಸುಬಂಡೆಯ ವಯಸ್ಸು ಕೇಳಿದವರು

ಸುಮ್ಮನೆ ಬಿದ್ದಿರುವ ಕಲ್ಲನ್ನು ಕೆಣಕಿದರೆ ಮನುಷ್ಯರ ಬಂಡವಾಳ ಬಯಲಾಗುತ್ತದೆ. ಒಂದು ಸಲ ಆದರೆ ಮರೆಯಬಹುದು. ಹೋದ ವರ್ಷ ನನ್ನ ಕಣ್ಣೆದುರಿಗೆ ಅದು ನಡೆಯುತ್ತಲೇ ಇತ್ತು.

ಮಧುಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಓದಿದ್ದು ಅರ್ಧ ಪಿಯುಸಿ. ಕಾನೂನು ಕಲಿತದ್ದು, ಕಲ್ಲಿನ ವಯಸ್ಸು ತಿಳಿದದ್ದು ಎಲ್ಲ ಜನ ಕಾಪಿ ಮಾಡಿಸಲು ತಂದ ಕಾಗದಗಳಿಂದ. ನಮ್ಮೂರು ಪಾವಗಡದ ರಸ್ತೆಯಿಂದ ಒಳಕ್ಕೆ. ಊರ ಪಕ್ಕದಲ್ಲೇ ಒಂದು ದೊಡ್ಡ ಹಾಸುಬಂಡೆ. ಅದೇ ಇಡೀ ಊರಿನ ಕಣ. ರಾಗಿ ಬಡಿಯುವುದು, ಹುರುಳಿ ಒಣಗಿಸುವುದು, ಕಡ್ಲೆಕಾಯಿ ಹರಡುವುದು ಎಲ್ಲ ಅಲ್ಲೇ. ರಸ್ತೆಗೆ ಬೆಳೆ ಸುರಿದು ಲಾರಿಗಳ ಕಾಲು ಹಿಡಿಯುವ ಗತಿ ನಮಗೆ ಬಂದಿಲ್ಲ.

ಈ ಬಂಡೆಯನ್ನು ಸಿಡಿಸಿ ಜಲ್ಲಿ ಮಾಡುತ್ತೇನೆಂದು ಕ್ರಷರ್ ಮಾಲೀಕನೊಬ್ಬ ಅರ್ಜಿ ಹಾಕಿದ. ‘ನಿರುಪಯುಕ್ತ ಬಂಡೆ’ ಎಂದು ಬರೆದಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಊರಿನ ಪರವಾಗಿ ಆಕ್ಷೇಪಣೆ ಬರೆದವಳು, ಸಿಟ್ಟಿನಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದೆ: ‘ಇದು ಇನ್ನೂರೈವತ್ತು ಕೋಟಿ ವರ್ಷದ ಬಂಡೆ. ಅರ್ಜಿದಾರರ ಕ್ರಷರಿಗೆ ಇನ್ನೂ ಮೂರು ವರ್ಷ.’

ಮಾಲೀಕನ ವಕೀಲ ಆ ಸಾಲನ್ನೇ ಹಿಡಿದುಕೊಂಡ. “ವಯಸ್ಸು ಸಾಬೀತು ಮಾಡಲಿ. ಅದು ಸುಳ್ಳಾದರೆ ಇಡೀ ಆಕ್ಷೇಪಣೆಯೇ ಸುಳ್ಳು.” ನನ್ನ ಒಂದು ಸಾಲಿಗೆ ಊರಿನ ಕಣವೇ ಪಣಕ್ಕೆ ಬಿತ್ತು.

ಹುಟ್ಟಿದಾಗ ಇದ್ದವರು

ಯಾವ ಕಚೇರಿ ಎಂದು ಹೇಳುವುದಿಲ್ಲ. ಗುಮಾಸ್ತರು ಕಡತ ತಿರುವಿ ಹಾಕಿದರು.

“ವಯಸ್ಸಿನ ದಾಖಲೆ ಲಗತ್ತಿಸಿಲ್ವಲ್ಲಮ್ಮ.”

“ಬಂಡೆಗೆ ಯಾವ ದಾಖಲೆ ಸ್ವಾಮಿ?”

“ಅದು ನಂಗೊತ್ತಿಲ್ಲ. ವಯಸ್ಸು ಅಂತ ಬರೆದ ಮೇಲೆ ದಾಖಲೆ ಇರಬೇಕು. ಜನನ ನೋಂದಣಿ ಆಗಿಲ್ಲ ಅಂದ್ರೆ, ಆಗಿಲ್ಲ ಅಂತ ಪಂಚಾಯ್ತಿಯಿಂದ ಬರೆಸ್ಕೊಂಡು ಬನ್ನಿ. ಜೊತೆಗೆ ಹಿರಿಯರಿಬ್ಬರ ಸಾಕ್ಷಿ.”

“ಯಾವ ಹಿರಿಯರು?”

“ಹುಟ್ಟಿದಾಗ ಇದ್ದವರು.”

ಅಂಗಡಿ ಮುಚ್ಚಿ ಬಂದಿದ್ದೆ, ಮೊದಲ ವಿಚಾರಣೆಗೆ ಎರಡೇ ದಿನ ಉಳಿದಿತ್ತು. “ಈ ಬಂಡೆ ಹುಟ್ಟಿದಾಗ ಭೂಮಿ ಮೇಲೆ ಒಂದು ಹುಲ್ಲುಕಡ್ಡೀನೂ ಇರ್ಲಿಲ್ಲ ಸ್ವಾಮಿ!” ಎಂದು ಕೂಗಿದೆ.

ಅವರಿಗೆ ಕನಿಕರ ಬಂತು. “ಹೋಗ್ಲಿ ಬಿಡಿ, ರಕ್ತಸಂಬಂಧಿಗಳಾದ್ರೂ ನಡೆಯುತ್ತೆ.”

ನಾನು ಕಿಟಕಿಯಾಚೆ ಮಧುಗಿರಿ ಬೆಟ್ಟವನ್ನು ತೋರಿಸಿದೆ. “ಅಗೋ, ಅಣ್ಣ ಅಲ್ಲೇ ನಿಂತವ್ನೆ. ಪೆನ್ನು ಕೊಡಿ, ಸೈನ್ ಹಾಕಿಸ್ಕೊಂಡು ಬತ್ತೀನಿ.”

ಆಧುನಿಕ ಬಂಡೆ

ಒಂದು ದಿನ ಕ್ರಷರ್ ಮಾಲೀಕನೇ ಅಂಗಡಿಗೆ ಬಂದ. ಮಧುಗಿರಿಯಲ್ಲಿ ಬೇರೆ ಜೆರಾಕ್ಸ್ ಇರಲಿಲ್ಲವೆಂದಲ್ಲ, ನನ್ನ ಮುಖ ನೋಡಬೇಕಿತ್ತು.

“ಮೂವತ್ತು ಕಾಪಿ ಹಾಕಕ್ಕ. ಲ್ಯಾಬ್ ರಿಪೋರ್ಟು. ನಿನ್ನ ಬಂಡೆ ಮುದುಕಿ ಅಲ್ವಂತೆ.”

ಕಾಪಿ ಬೀಳುತ್ತಿದ್ದಂತೆ ಓದಿದೆ. ಪರೀಕ್ಷೆ: ಕಾರ್ಬನ್. ಫಲಿತಾಂಶ: ಆಧುನಿಕ. ಮುಗಿಯಿತು ಕಥೆ ಎಂದುಕೊಂಡೆ. ಆಮೇಲೆ ಮೇಲಿನ ಸಾಲು ಕಂಡಿತು. ಮಾದರಿ: ಇದ್ದಿಲು.

“ಇದನ್ನ ಎಲ್ಲಿಂದ ಕೆರೆದೆ?”

“ಬಂಡೆ ಮೇಲಿಂದಾನೇ. ಮಧ್ಯದಲ್ಲಿ ಕರ್ರಗೆ ಐತಲ್ಲ, ಅಲ್ಲಿ. ಕರ್ರಗಿರೋದೇ ಹಳೇದು ಅಂದ್ರು ನಮ್ಮ ಹುಡುಗ್ರು.”

ಕಾರ್ಬನ್ ಲೆಕ್ಕ ಜೀವವಿದ್ದದ್ದಕ್ಕೆ ಮಾತ್ರ. ಮರ, ಮೂಳೆ, ಕಾಳು ಬದುಕಿರುವಾಗ ಒಂದು ಬಗೆಯ ಕಾರ್ಬನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತವೆ. ಸತ್ತ ಮೇಲೆ ಅದು ಒಂದೇ ಗತಿಯಲ್ಲಿ ಕರಗುತ್ತದೆ. ಎಷ್ಟು ಉಳಿದಿದೆ ನೋಡಿ, ಸತ್ತು ಎಷ್ಟು ಕಾಲವಾಯಿತೆಂದು ಹೇಳುತ್ತಾರೆ. ಕಲ್ಲು ಬದುಕಿಯೂ ಇರಲಿಲ್ಲ, ಸತ್ತೂ ಇಲ್ಲ.

“ಸುಗ್ಗೀಲಿ ನಾವು ಅಡುಗೆ ಮಾಡೋ ಜಾಗ ಅದು ಕಣಯ್ಯ. ನೀನು ವಯಸ್ಸು ಕಂಡುಹಿಡಿಸಿರೋದು ನಮ್ಮ ದೊಡ್ಡವ್ವ ಮುದ್ದೆ ತೊಳಸಿದ ಸೌದೇದು.”

ಅವನ ಮುಖ ಇದ್ದಿಲಾಯಿತು. “ಹಂಗಾದ್ರೆ ಕಾಪಿ ಬ್ಯಾಡ, ನಿಲ್ಸು.”

“ಆಗ್ಲೇ ಇಪ್ಪತ್ತೊಂಬತ್ತು ಆಗೋಗೈತೆ. ಇರ್ಲಿ ಬುಡು, ಊರಿಗೆ ನಾನೇ ಹಂಚ್ತೀನಿ.”

ಮೂಳೆ ಎಲ್ಲಿ?

ಶಿರಾ ಕಡೆಯಿಂದ ಫೋನಿನಲ್ಲೇ ಸುದ್ದಿ ಚಾನೆಲ್ ನಡೆಸುವ ಒಬ್ಬ ವರದಿಗಾರ ಬಂದ. ಬಂಡೆ ಮೇಲೆ ನಿಂತು ನನ್ನ ಬಾಯಿಗೆ ಮೈಕು ಹಿಡಿದ.

“ಇಲ್ಲಿ ಡೈನೋಸಾರ್ ಮೂಳೆ ಸಿಕ್ಕಿದ್ಯಾ ಮೇಡಂ?”

“ಇಲ್ಲ. ಇದು ಭೂಮಿ ಒಳಗೆ ಕರಗಿದ್ದು ತಣ್ಣಗಾಗಿ ಗಟ್ಟಿಯಾದ ಕಲ್ಲು. ಮೂಳೆ ಉಳಿಯೋದು ಕೆಸರು ಪದರ ಪದರವಾಗಿ ಕೂತು ಕಲ್ಲಾದ ಕಡೆ. ಇದು ಹುಟ್ಟಿದಾಗ ಮೂಳೆ ಇರೋ ಪ್ರಾಣೀನೇ ಇರ್ಲಿಲ್ಲ.”

“ಒಂದೂ ಇಲ್ವಾ? ಚಿಕ್ಕದು?”

“ಇಲ್ಲ ಕಣಪ್ಪಾ!” ಎಂದು ರೇಗಿದೆ. ವಿಚಾರಣೆ ಹತ್ತಿರ ಬಂದಿತ್ತು, ನಾಲ್ಕು ಜನರಿಗೆ ನಮ್ಮ ಸಂಕಟ ತಿಳಿಯಲಿ ಎಂದು ಕಾದಿದ್ದೆ.

ಸಂಜೆ ವಿಡಿಯೋ ಬಂತು. ನನ್ನ ಕೋಪದ ಮುಖ, ಕೆಳಗೆ ಕೆಂಪು ಅಕ್ಷರ: ‘ಬಂಡೆಯಲ್ಲಿ ಡೈನೋಸಾರ್ ಇಲ್ಲ: ಗ್ರಾಮಸ್ಥರ ಆಕ್ರೋಶ.’

ಬರಿಗಾಲು

ಭೂವಿಜ್ಞಾನ ಕಲಿಸುವ ಮೇಡಂ ಒಬ್ಬರನ್ನು ಕಾಡಿ ಬೇಡಿ ಕರೆಸಿದೆ. ಸುತ್ತಿಗೆ ಹಿಡಿದು ಬಂದರು. ಅವರು ಬರುವ ಸುದ್ದಿ ಮಾಲೀಕನಿಗೂ ಹೋಗಿತ್ತು. ಏಪ್ರಿಲ್ ಮಟಮಟ ಮಧ್ಯಾಹ್ನ. ಅವನ ಕಡೆಯ ಆರು ಜನ ಗಂಡಸರು ಬಂಡೆಯ ಅಂಚಿನಲ್ಲಿ ಸಾಲಾಗಿ ನಿಂತರು.

“ಒಂದು ಚೂರೂ ಎತ್ತಂಗಿಲ್ಲ!”

ನಮ್ಮೂರ ಹೆಂಗಸರು ಮೊರ, ಪೊರಕೆ ಹಿಡಿದು ಈ ಕಡೆ ನಿಂತರು. ಇನ್ನೊಂದು ಮಾತಿಗೆ ತಲೆಗಳು ಒಡೆಯುತ್ತಿದ್ದವು.

ಆಗ ನಮ್ಮ ದೊಡ್ಡವ್ವ, ಊರಿನ ಹಿರಿಯಳು, ನೆರಳಿನಿಂದ ಕೂಗಿದಳು: “ಲೇ, ಕಣಕ್ಕೆ ಕೆರ ಮೆಟ್ಕಂಡು ಹತ್ತೀರೇನ್ಲಾ? ನಿಮ್ಮವ್ವ ಇದನ್ನೇ ಕಲ್ಸಿದ್ಲೇನ್ಲಾ?”

ಎಲ್ಲರೂ ಸುತ್ತಲ ಹಳ್ಳಿಯವರೇ. ಎಷ್ಟೇ ಗೂಂಡಾಗಳಾದರೂ ಕಣವನ್ನು ಚಪ್ಪಲಿಯಲ್ಲಿ ತುಳಿಯುವವರಲ್ಲ. ಆರೂ ಜನ ಚಪ್ಪಲಿ ಬಿಟ್ಟು ಧೈರ್ಯವಾಗಿ ಬಂಡೆ ಹತ್ತಿದರು. ನಾಲ್ಕು ಹೆಜ್ಜೆಗೆ ಕುಣಿಯತೊಡಗಿದರು. ಐದನೆಯದಕ್ಕೆ ವಾಪಸ್ ಓಡಿದರು. ಬೂಟು ಕಳಚಿದ್ದ ಮೇಡಂ ದಪ್ಪ ಕಾಲುಚೀಲದಲ್ಲಿ ಮೆಲ್ಲಗೆ ನಡೆದುಹೋಗಿ, ತಲೆ ಗಾತ್ರದ ತುಂಡು ಒಡೆದುಕೊಂಡರು.

ಆಮೇಲೆ ನೆರಳಲ್ಲಿ ಕೂತು ವಿವರಿಸಿದರು. ಕಲ್ಲನ್ನು ಪುಡಿ ಮಾಡಿ, ನೀರಲ್ಲಿ ಜಾಲಿಸಿ, ತೂಕದ ಹರಳು ಬೇರೆ ಮಾಡುತ್ತಾರೆ. ಅದರಲ್ಲಿ ಜಿರ್ಕಾನ್ ಎಂಬುದು ಮರಳಿಗಿಂತ ಸಣ್ಣದು. ಹುಟ್ಟುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ಒಂದೇ ಗತಿಯಲ್ಲಿ ಸೀಸವಾಗುತ್ತ ಹೋಗುತ್ತದೆ. ಎರಡನ್ನೂ ಅಳೆದರೆ ವಯಸ್ಸು.

“ನಮ್ಮ ಅವರೆಕಾಳಿನಂಗೆ ಅನ್ನು,” ಎಂದಳು ದೊಡ್ಡವ್ವ. “ಮಡಿಕೇಲಿ ಕಾಳೆಷ್ಟು, ಹುಳ ತಿಂದ ಹಿಟ್ಟೆಷ್ಟು ನೋಡಿದ್ರೆ ಯಾವ ವರ್ಸದ್ದು ಅಂತ ನಾನೂ ಹೇಳ್ತೀನಿ.”

“ಸರಿಯಾಗಿ ಹೇಳಿದ್ರಿ ಅಜ್ಜಿ! ಹುಳಕ್ಕೆ ಹಸಿವು ಹೆಚ್ಚುಕಡಿಮೆ ಆಗಬಹುದು, ಇದಕ್ಕೆ ಆಗಲ್ಲ, ಅಷ್ಟೆ.”

ದೊಡ್ಡವ್ವ ನನ್ನ ಕಿವಿಯಲ್ಲಿ ಅಂದಳು: “ಎಲ್ಲ ಸರಿ ಕಣಮ್ಮ. ಆದ್ರೆ ಜಾಲಿಸಿ ಕಲ್ಲು ಮಡಿಕ್ಕಂತಾಳಂತಲ್ಲ, ಈವಮ್ಮ ಮನೇಲಿ ಏನುಣ್ತಾಳೆ?”

ಹೆಚ್ಚುಕಡಿಮೆ

ವಿಚಾರಣೆ ಮೂರು ಸಲ ಮುಂದಕ್ಕೆ ಹೋಯಿತು. ಮೇಡಂ ವರದಿ ಬಂದ ಮೇಲೆ ನಡೆಯಿತು. ಕೋಣೆ ತುಂಬ ಜನ, ಬಾಗಿಲಲ್ಲಿ ಪೊಲೀಸ್. ಆವತ್ತು ಸೋತರೆ ಮರುವಾರವೇ ಬಂಡೆಗೆ ಸಿಡಿಮದ್ದಿನ ಕುಳಿ ಹೊಡೆಯುತ್ತಿದ್ದರು.

ವರದಿಯಲ್ಲಿ ಇನ್ನೂರೈವತ್ತು ಕೋಟಿ ವರ್ಷದ ಆಸುಪಾಸು ಎಂದೇ ಇತ್ತು. ನಾನು ಉಸಿರು ಬಿಟ್ಟೆ. ಆದರೆ ವಕೀಲ ಎದ್ದು ನಿಂತ.

“ಕೊನೇ ಸಾಲು ನೋಡಿ ಸ್ವಾಮಿ. ಐವತ್ತು ಲಕ್ಷ ವರ್ಷ ಹೆಚ್ಚುಕಡಿಮೆ ಅಂತ ಅವರೇ ಬರೆದಿದ್ದಾರೆ. ಐವತ್ತು ಲಕ್ಷ ವರ್ಷ ತಪ್ಪಿರಬಹುದಾದ ದಾಖಲೆಯನ್ನ ಸರ್ಕಾರ ನಂಬಬೇಕಾ?”

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯ ಪೆನ್ನು ನಿಂತಿತು. ನೂರು ವರ್ಷದ ಮುದುಕಿಯ ವಯಸ್ಸನ್ನು ಎರಡು ತಿಂಗಳು ಆಚೀಚೆ ಹೇಳಿದ ಹಾಗೆ ಇದು ಎಂದು ಮೇಡಂ ಬಿಡಿಸಿ ಹೇಳಿದರು. ಅಧಿಕಾರಿಯ ಹುಬ್ಬು ಇಳಿಯಲಿಲ್ಲ.

ದೊಡ್ಡವ್ವ ಎದ್ದಳು. ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದಳು.

“ಸ್ವಾಮಿ, ಇದ್ರಲ್ಲಿ ನಾನು ಹುಟ್ಟಿದ್ದು ಜನವರಿ ಒಂದು. ನಮ್ಮಣ್ಣಂದೂ ಜನವರಿ ಒಂದು. ನನ್ನ ಬೆನ್ನಿಗೆ ಬಿದ್ದ ತಂಗಿ ಇದ್ರಲ್ಲಿ ನಂಗಿಂತ ನಾಕು ವರ್ಸ ದೊಡ್ಡೋಳು. ಇದನ್ನ ಸರ್ಕಾರ ನಂಬಾಕಿಲ್ವಾ?” ಆಮೇಲೆ ವಕೀಲನ ಕಡೆ ತಿರುಗಿದಳು. “ನೀನು ಹುಟ್ಟಿದ್ದು ಯಾವತ್ತಪ್ಪಾ?”

“ಜೂನ್ ಒಂದು,” ಎಂದ ವಕೀಲ, ಬಿಗುವಾಗಿ.

“ನಿಮ್ಮವ್ವ ಹೇಳಿದ್ದಾ?”

ವಕೀಲ ಟೈ ಸರಿಮಾಡಿಕೊಂಡ. “ಅದು... ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬರೆದದ್ದು.”

ಟೈಪಿಸ್ಟ್ ಕಿಸಕ್ಕನೆ ನಕ್ಕಳು. “ನಂದೂ ಜೂನ್ ಒಂದೇ ಸಾರ್.” ಬಾಗಿಲಲ್ಲಿದ್ದ ಪೊಲೀಸಪ್ಪ ತಲೆ ಕೆರೆದುಕೊಂಡ. “ನಂದೂ.”

ಅಧಿಕಾರಿ ಕನ್ನಡಕ ತೆಗೆದರು. “ಜೂನ್ ಒಂದನೇ ತಾರೀಕಿನವರು ಕೈ ಎತ್ತಿ ನೋಡೋಣ.”

ಅರ್ಧ ಕೋಣೆ ಕೈ ಎತ್ತಿತು. ಕ್ರಷರ್ ಮಾಲೀಕನೂ ಮರೆತು ಎತ್ತಿಬಿಟ್ಟ. ಅಧಿಕಾರಿ ಎಲ್ಲರನ್ನೂ ಒಮ್ಮೆ ನೋಡಿ, ನಿಧಾನವಾಗಿ ತಮ್ಮ ಕೈಯನ್ನೂ ಎತ್ತಿದರು.

“ನಮ್ಮಮ್ಮ ಅವರೆಕಾಯಿ ಕಾಲ ಅಂತಾರೆ,” ಎಂದರು. ಮತ್ತೆ ಕನ್ನಡಕ ಹಾಕಿಕೊಂಡು, ‘ಆಕ್ಷೇಪಣೆ ಪುರಸ್ಕರಿಸಲಾಗಿದೆ, ಅರ್ಜಿ ವಜಾ’ ಎಂದು ಬರೆದು ಸಹಿ ಹಾಕಿದರು.

“ಕೂತ್ಕೊಳ್ಳಿ ವಕೀಲ್ರೇ. ಈ ಕೇಸಲ್ಲಿ ಸರಿಯಾದ ವಯಸ್ಸು ಹೇಳಿರೋದು ಬಂಡೆ ಒಂದೇ.”