ಎಡಮುರಿ ಬಲಮುರಿ ಶಂಖಗಳ ಸೋಡಾಸಮರ

ಬೇವಿನಮರಚ್ಛಾಯಾವಾಸಿಯೂ, ಸಿಂಧೂರಚರ್ಚಿತಶಿಲಾಶರೀರನೂ, ಹೋಗಿಬರುವ ಬಸ್ಸುಗಳ ಧೂಳನ್ನೇ ವಿಭೂತಿಯೆಂದು ಧರಿಸುವವನೂ ಆದ ಕೆಂಚನಹಟ್ಟಿ ಕ್ರಾಸಿನ ಆಂಜನೇಯಸ್ವಾಮಿಗೆ ಮೊದಲ ನಮಸ್ಕಾರ. ಬಾಯಾರಿದ ಗಂಟಲಿಗೆ ನೀರನ್ನೂ, ನೀರಿಗೆ ಗಾಳಿಯನ್ನೂ, ಗಾಳಿಗೆ ಹೊರಬರುವ ಹಟವನ್ನೂ ಕೊಟ್ಟ ಪರಮಾತ್ಮನಿಗೆ ಎರಡನೆಯದು. ಎರಡು ಬಸ್ಸುಗಳ ನಡುವಿನ ಬಿಸಿಲಿನಲ್ಲಿ ಕೂತು ಕಥೆ ಕೇಳುವ ತಾಳ್ಮೆಯುಳ್ಳ ನಿಮಗೆ ಮೂರನೆಯದು.

ಅದು ಬಾಟಲಿಯ ಕೊರಳಲ್ಲಿ ಗೋಲಿ ನೆಲೆಸಿದ್ದ ಯುಗ. ಆ ಯುಗದಲ್ಲಿ, ಹೆಬ್ಬೆರಳಿನ ಒಂದೇ ಆಘಾತದಿಂದ ಗೋಲಿಯನ್ನು ಪಾತಾಳಕ್ಕಿಳಿಸುವ ಪ್ರಚಂಡಾಂಗುಷ್ಠನೂ, ನಿಂಬೂರಸಲವಣಮಿಶ್ರಣಕೋವಿದನೂ, ಅಜೀರ್ಣಗಜಕೇಸರಿಯೂ ಆದ ವಿರುಪಣ್ಣನೆಂಬ ವೀರನು ಆ ಕ್ರಾಸಿನ ಪಡುವಣ ಬದಿಯಲ್ಲಿ ತಂದೆಯಿಂದ ಬಂದ ಸೋಡಾ ಅಂಗಡಿಯನ್ನು ಆಳುತ್ತಿದ್ದನು. ಅವನ ಪ್ರತಿ ಬಾಟಲಿಯ ಬುಡದಲ್ಲಿ ತಂದೆ ಹಾಕಿಸಿದ ಶಂಖದ ಅಚ್ಚು ಇತ್ತು. ಬೆಳಗಿನ ಮೊದಲ ಸೋಡಾ ಬೇವಿನ ಮರದಡಿಯ ಆಂಜನೇಯನ ತಲೆಯ ಮೇಲೆ. ಆಮೇಲೆಯೇ ಮನುಷ್ಯರ ಗಂಟಲಿಗೆ.

ಅವನ ಕೀರ್ತಿಗೆ ಶಿಲಾಶಾಸನವಿರಲಿಲ್ಲ. ಬಸ್ಸಿನ ಕಂಡಕ್ಟರ್ ಮೌಲಾಸಾಬನ ಗಂಟಲೇ ಶಾಸನ. ಬಸ್ಸು ನಿಂತೊಡನೆ ಅವನು ದಿಕ್ತಟಗಳು ಬಿರಿಯುವಂತೆ, "ಸೋಡಾ ವಿರುಪಣ್ಣನ ಸ್ಟಾಪ್! ಇಳೀರಿ, ಲಗೂನ ಇಳೀರಿ!" ಎಂದು ಕೂಗುವನು. ಹಾಗೆ ಕೂಗುವಾಗ ವಿರುಪಣ್ಣನು ಕೇಳಿಸದವನಂತೆ ನಿಂಬೆಹಣ್ಣು ಹೆಚ್ಚುವನು. ಆದರೆ ಆ ಕೂಗಿಲ್ಲದ ದಿನ ಅವನಿಗೆ ಉಂಡ ರೊಟ್ಟಿ ಮೈಗೆ ಹತ್ತುತ್ತಿರಲಿಲ್ಲ.

ಹೀಗಿರುವಲ್ಲಿ ಮೂಡಣ ಬದಿಯಲ್ಲಿ ಫಕ್ಕೀರಪ್ಪನೆಂಬ ಅನುಕರಣಧುರಂಧರನು ಉದಯಿಸಿದನು. ವಿರುಪಣ್ಣನ ಬೋರ್ಡು ಹಸಿರು, ಅವನದೂ ಹಸಿರು. ವಿರುಪಣ್ಣನ ಬಾಟಲಿಯ ಕೊರಳಿಗೆ ಕೆಂಪು ಪಟ್ಟಿ. ಅವನದಕ್ಕೂ ಕೆಂಪು ಪಟ್ಟಿ. ಆಂಜನೇಯನಿಗೆ ದಿನಾ ಬೆಳಗ್ಗೆ ಎರಡು ಸೋಡಾ ಬೀಳತೊಡಗಿದವು. ಆ ಮಹಾಯುದ್ಧದಲ್ಲಿ ಲಾಭವಾದದ್ದು ಆತನೊಬ್ಬನಿಗೇ. ಒಮ್ಮೆ ವಿರುಪಣ್ಣನ ಅಂಗಡಿಯ ಎಡಬಾಗಿಲಿನ ತಿರುಗಣಿ ಮುರಿದು, ಬಾಗಿಲು ಮುಚ್ಚಿದಲ್ಲೇ ನಿಂತಿತು. ಇದರಲ್ಲಿ ಯಾವುದೋ ವಾಸ್ತುರಹಸ್ಯವಿದೆಯೆಂದು ಬಗೆದ ಫಕ್ಕೀರಪ್ಪನು ತನ್ನ ಗಟ್ಟಿಮುಟ್ಟಾದ ಎಡಬಾಗಿಲಿಗೆ ಮೊಳೆ ಹೊಡೆದನು. ಕ್ರೇಟು ಬಿದ್ದು ಕಾಲಿನ ಹೆಬ್ಬೆಟ್ಟು ನಜ್ಜಾದ ವಿರುಪಣ್ಣನು ಅದಕ್ಕೆ ಹಳದಿ ಬಟ್ಟೆ ಸುತ್ತಿಕೊಂಡು ಬಂದ ಮರುದಿನ, ಎದುರಿನ ಕಾಲಿನಲ್ಲೂ ಹಳದಿ ಬಟ್ಟೆ ಕಂಡಿತು.

ಇದೆಲ್ಲವನ್ನೂ ನಮ್ಮ ವೀರನು ಭೂಮಿತಾಯಿಯಂತೆ ಸಹಿಸಿದನು. ಆದರೆ ಒಂದು ಮಧ್ಯಾಹ್ನ ಬಸ್ಸು ಬಂದು ನಿಂತಾಗ ಮೌಲಾಸಾಬನು, "ಸೋಡಾ ಸ್ಟಾಪ್!" ಎಂದಷ್ಟೇ ಕೂಗಿದನು. ಹೆಸರಿರಲಿಲ್ಲ. ಹೆಚ್ಚುತ್ತಿದ್ದ ನಿಂಬೆಹಣ್ಣು ವಿರುಪಣ್ಣನ ಕೈಯಿಂದ ಜಾರಿತು. ಇಳಿದ ಮುದುಕಿಯೊಬ್ಬಳು, "ಇವೆರಡರಾಗ ಅಸಲಿ ಯಾವುದೋ ಯಪ್ಪಾ?" ಎಂದು ಕೇಳಿದರೆ, ಮೌಲಾಸಾಬನು ಸೀಟಿ ಊದುತ್ತ, "ಎರಡೂ ಒಂದ ನಮೂನಿ ಅದಾವ ಬೇ, ಯಾವುದರೆ ಕುಡಿ" ಎಂದುಬಿಟ್ಟನು.

ಆಹಾ! ಪ್ರಳಯಕಾಲದಲ್ಲಿ ಸಮುದ್ರವು ಹೇಗೆ ತನ್ನ ದಡವನ್ನು ತಾನೇ ಮರೆಯುವುದೋ, ಉಕ್ಕುವ ಹಾಲು ಹೇಗೆ ಪಾತ್ರೆಯ ಉಪಕಾರವನ್ನು ನೆನೆಯದೋ, ಹಾಗೆ ವಿರುಪಣ್ಣನ ರೋಷವು ಉಕ್ಕಿತು. ಟವೆಲ್ಲನ್ನು ಕಿರೀಟವಾಗಿ ಸುತ್ತಿದನು. ಹಿತ್ತಲಿಗೆ ನುಗ್ಗಿ, ಹೆಂಡತಿ ಕಾಶವ್ವ ಮೆಣಸಿನಕಾಯಿ ಕುಟ್ಟುತ್ತಿದ್ದ ಒನಕೆಯನ್ನು ಕಸಿದನು.

"ಒನಕಿ ಎಲ್ಲಿಗೊಯ್ತೀರಿ? ಖಾರ ಇನ್ನೂ ಅರ್ಧ ಕುಟ್ಟೀನಿ."

"ಧರ್ಮಯುದ್ಧಕ್ಕ! ಆ ನಕಲಿ ಬಾಟ್ಲಿ ಒಂದೂ ಉಳಸೂದಿಲ್ಲ."

"ಆತು, ಲಗೂನ ಮುಗಿಸಿಕೊಂಡ ಬರ್ರಿ. ಸಾರಿಗೆ ಖಾರ ಇಲ್ಲ."

ಕುರಿಹಿಂಡೊಂದು ರಸ್ತೆ ದಾಟುವವರೆಗೆ ಕಾದು, ವೀರನು ರಣಭೂಮಿಯ ಮಧ್ಯಕ್ಕೆ ಬಂದನು. "ಎಲವೋ ಪರಕೀಯಯಶಶ್ಚೋರನೇ, ಮೂಲವಿಲ್ಲದ ಪ್ರತಿಬಿಂಬವೇ, ಪೌರುಷವಿದ್ದರೆ ಈ ಮುಸಲಾಯುಧದೆದುರು ನಿಲ್ಲು!" ಎಂಬ ಅರ್ಥ ಬರುವಂತೆ ಗರ್ಜಿಸಿದನು:

"ಲೇ ಫಕ್ಕೀರ್ಯಾ! ಹೊರಗ ಬಾರಲೇ! ನನ್ನ ಬಣ್ಣ ಕದ್ದಿ, ಬಾಗಲಾ ಕದ್ದಿ, ಕಡೀಕ ನನ್ನ ಹೆಬ್ಬಟ್ಟಿನ ಗಾಯನೂ ಕದ್ದಿ!"

"ಗಾಯ ಏನ ನಿಮ್ಮಪ್ಪನ ಸ್ವತ್ತೇನು? ನನಗೂ ಕಾಲದಾವ!" ಎಂದು ಫಕ್ಕೀರಪ್ಪನು ಎದೆ ಸೆಟೆದು ನಿಂತನು. "ಈ ಬಯಲಿನ ಬಾಯಾರಿಕಿ ಒಬ್ಬನ ಕೈಲಿ ತೀರೂದಲ್ಲ, ತಿಳಕೋ. ನನ್ನ ಸೋಡಾ ಕುಡದವರ ತೇಗು ಮುಂದಿನ ಊರತನಕ ಕೇಳತೈತಿ!"

"ನನ್ನ ಸೋಡಾ ಕುಡದವರ ತೇಗಿಗೆ ಬಸ್ಸಿನ ಗಾಜು ಒಡದಾವು!"

ಹೀಗೆ ವಾಗ್ಬಾಣಗಳ ಮಳೆ ಸುರಿಯುತ್ತಿರಲು, ಒನಕೆಗೆ ಮೆತ್ತಿದ್ದ ಖಾರ ಗಾಳಿಗೆ ಹಾರಿ ವಿರುಪಣ್ಣನಿಗೆ ಭಯಂಕರವಾದ ಸೀನು ಬಂದಿತು. ಅದೇ ರಣಘೋಷವಾಯಿತು. ಒಡನೆಯೇ ಫಕ್ಕೀರಪ್ಪನೂ ಸೀನಿದನು. ಅದನ್ನಾದರೂ ಅವನು ಕದ್ದಿರಲಿಲ್ಲವೆಂದು ಕಾಣುತ್ತದೆ.

ಸೀನಿದ ರಭಸದಲ್ಲೇ ವಿರುಪಣ್ಣನು ಫಕ್ಕೀರಪ್ಪನ ಅಂಗಡಿಗೆ ನುಗ್ಗಿ, ತೊಳೆದು ಬೋರಲು ಹಾಕಿದ್ದ ಖಾಲಿ ಬಾಟಲಿಗಳ ಕ್ರೇಟಿನ ಮೇಲೆ ಒನಕೆಯನ್ನು ಆಕಾಶದೆತ್ತರಕ್ಕೆ ಎತ್ತಿದನು. ಗಾಳಿ ನಿಂತಿತು. ಬೇವಿನ ಎಲೆ ಅಲುಗಲಿಲ್ಲ. ಎತ್ತಿದ ಒನಕೆ ಎತ್ತಿದಂತೆಯೇ ಉಳಿಯಿತು.

ಬೋರಲು ನಿಂತ ಬಾಟಲಿಗಳ ಬುಡಗಳಲ್ಲಿ ಅವನ ತಂದೆಯ ಶಂಖವಿತ್ತು. ಎಡಕ್ಕೆ ತಿರುಗಿದ, ನಡುವೆ ಸಣ್ಣ ಚುಕ್ಕೆಯಿದ್ದ ಅದೇ ಶಂಖ. ಪಕ್ಕದ ಕ್ರೇಟಿನಲ್ಲೂ ಅದೇ. ಇನ್ನೊಂದು ಉಸಿರಿನಲ್ಲಿ ಅಪ್ಪನ ಬಾಟಲಿಗಳನ್ನು ತಾನೇ ಪುಡಿಗೈಯುತ್ತಿದ್ದೆನಲ್ಲಾ ಎಂದು ಅವನು ಚೀರಿದನು:

"ಇವು ನನ್ನವು!"

"ಹಂಗಾರ ನನ್ನವು ಎಲ್ಲಿ ಅದಾವ?" ಎಂದು ಫಕ್ಕೀರಪ್ಪನೂ ಬಗ್ಗಿ ನೋಡಿ ಬೆಪ್ಪಾದನು.

ರಸ್ತೆಯ ಆಚೆಯಿಂದ ಕಾಶವ್ವನ ದನಿ ಬಂದಿತು. "ನಮ್ಮಲ್ಲಿ ಅದಾವ! ಮಂದಿ ಹೋಗೋಮುಂದ ಇಲ್ಲಿ ಕುಡೀತಾರ, ಬಾಟ್ಲಿ ಹಿಡಕೊಂಡ ಬಸ್ ಹತ್ತತಾರ, ಬರೋಮುಂದ ಆ ಕಡೆ ಇಳದು ಅಲ್ಲಿ ಇಡತಾರ. ಅಲ್ಲಿ ಕುಡದವರು ಇಲ್ಲಿ. ನಮ್ಮಲ್ಲಿ ಈಗ ಬರೇ ಫಕ್ಕೀರಪ್ಪನ ಬಲಮುರಿ ಶಂಖದವು."

"ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ತೊಳಿಯಾಕ ಎರಡೂ ಒಂದ."

ಗಾಳಿ ತುಂಬುವವನು ಕೊರಳನ್ನಷ್ಟೇ ನೋಡುತ್ತಾನೆ. ಬುಡದ ಜ್ಞಾನ ತೊಳೆಯುವವರಿಗೆ ಮಾತ್ರ. ವಿರುಪಣ್ಣನು ಮೆಲ್ಲಗೆ ಒನಕೆಯನ್ನು ಗೋಡೆಗೆ ಒರಗಿಸಿದನು. ಇಷ್ಟು ದಿನ ತಾನು ಮಾರಿದ್ದು ಎದುರಾಳಿಯ ಬಾಟಲಿಗಳಲ್ಲಿ. ಮೌಲಾಸಾಬನು ಸುಳ್ಳು ಹೇಳಿರಲಿಲ್ಲ.

"ನನ್ನ ಶಂಖ ಎಡಮುರಿ, ನಿಂದು ಹೆಂಗ ಬಲಮುರಿ ಆತು?" ಎಂದು ಕೇಳಿದನು.

ಫಕ್ಕೀರಪ್ಪ ತಲೆ ತುರಿಸಿಕೊಂಡನು. "ನಿಮ್ಮ ಬಾಟ್ಲಿ ಬುಡಕ್ಕ ಮಸಿ ಹಚ್ಚಿ ಕಾಗದದ ಮ್ಯಾಲ ಒತ್ತಿದ್ನಿ, ಅಣ್ಣಾ. ಅದನ್ನ ಗಾಜಿನ ಕಾರ್ಖಾನಿಗೆ ಕಳಸಿದ್ನಿ. ಒತ್ತಿದಾಗ ಶಂಖ ಉಲ್ಟಾ ಹೊಳ್ಳಿ ಮೂಡೂದು ನನಗೇನ ಗೊತ್ತು?"

"ಬಲಮುರಿ ಶಂಖ ಸಿಗಲಿ ಅಂತ ಮಂದಿ ಪೂಜೆಗೆ ಊರೂರು ಹುಡಕ್ತಾರೋ, ಮಬ್ಬಾ! ಕದಿಯೋಮುಂದ ಎಡವಿ ಪುಣ್ಯದ ಮ್ಯಾಲ ಬಿದ್ದೀಯಲ್ಲ!" ಎಂದ ವಿರುಪಣ್ಣನಿಗೆ ನಗು ತಡೆಯಲಾಗಲಿಲ್ಲ.

ಸಂಧಾನವಾಯಿತು. ಎರಡೂ ಅಂಗಡಿಗಳ ಕ್ರೇಟುಗಳು ಆಂಜನೇಯನ ಕಟ್ಟೆಗೆ ಬಂದವು. ನಡುವೆ ನೀರಿನ ಬಕೇಟು ಇಟ್ಟುಕೊಂಡು ಮಹಾರಥರಿಬ್ಬರೂ ಕುಕ್ಕರಗಾಲಲ್ಲಿ ಕುಳಿತು, ಬುಡ ಉಜ್ಜಿ, ಶಂಖ ನೋಡಿ, ನಿನ್ನದು ನಿನಗೆ ನನ್ನದು ನನಗೆಂದು ಬೇರ್ಪಡಿಸತೊಡಗಿದರು. ದಣಿದ ವಿರುಪಣ್ಣನು ಜಯಘೋಷದ ಸಲುವಾಗಿ ತುಂಬಿದ ಬಾಟಲಿಯೊಂದನ್ನೆತ್ತಿ, ಆ ಪ್ರಚಂಡಾಂಗುಷ್ಠದಿಂದ ಗೋಲಿಯನ್ನು ಒತ್ತಿದನು.

"ಟುಸ್."

ಬಿಸಿಲಿಗೆ ಗಾಳಿಯೆಲ್ಲ ಹೋಗಿತ್ತು. ಇಬ್ಬರೂ ಅರ್ಧರ್ಧ ಕುಡಿದರು, ಬರಿಯ ನೀರು.

ಅಷ್ಟರಲ್ಲಿ ಸಂಜೆಯ ಬಸ್ಸು ಬಂದು ನಿಂತಿತು. ವಿರುಪಣ್ಣನ ಒದ್ದೆ ಕೈ ಬಾಟಲಿಯ ಮೇಲೆಯೇ ನಿಂತಿತು. ಅವನು ಕೇಳಿಸದವನಂತೆ ತಲೆ ತಗ್ಗಿಸಿ, ಪ್ರಾಣವನ್ನೆಲ್ಲ ಕಿವಿಗೆ ತಂದುಕೊಂಡು ಕಾದನು. ಮೌಲಾಸಾಬನು ಬಾಗಿಲಲ್ಲಿ ಜೋತುಬಿದ್ದು ಕಟ್ಟೆಯತ್ತ ನೋಡಿದನು, ಗಂಟಲು ಸರಿಮಾಡಿಕೊಂಡನು.

"ಬಾಟ್ಲಿ ತೊಳಿಯೋರ ಸ್ಟಾಪ್! ಇಳೀರಿ, ಲಗೂನ ಇಳೀರಿ!"

ಬಸ್ಸೆಲ್ಲ ನಕ್ಕಿತು. ಧೂಳೆದ್ದು ಆಂಜನೇಯನ ಮೇಲೂ ವೀರರಿಬ್ಬರ ಮೇಲೂ ಸಮನಾಗಿ ಇಳಿಯಿತು. ಆಚೆಯ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಕಾಶವ್ವ ಕೂಗಿದಳು:

"ಹೆಂಗೂ ಕುಂತೀರಲ್ಲ, ಆ ಒನಕಿನೂ ತೊಳದ ಕೊಡ್ರಿ!"